ಕಮೀನೋ ದಾರಿಯಲ್ಲಿ ನಿಂತು ನೋಡಲೇಬೇಕಾದ ಚರ್ಚ್ ಬಾಗಿಲುಗಳು ಯಾವುವು?

ತುಂಗಾತೀರ:

ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಸ್ಪೇನಿನ ಕಮೀನೋ, ಅಂದರೆ ಸಾಂತಿಯಾಗೊ ಊರಿನ ಕಥೀಡ್ರಲ್‌ಗೆ ಹೋಗುವ ಹಳೆ ಯಾತ್ರಾ ದಾರಿ, ನಡೆಯೋಣ ಅಂತ ಇದ್ದೇವೆ. ಫ್ರೆಂಚ್ ದಾರಿ ಪೂರ್ತಿ ನಡೆಯುವಷ್ಟು ರಜೆ ಇಲ್ಲ, ಅದು ಸುಮಾರು 780 ಕಿ.ಮೀ. ಹಾಗಾಗಿ ಪಾಂಪ್ಲೋನಾದಿಂದ ಬುರ್ಗೋಸ್‌ವರೆಗೆ ನಡಿಗೆ, ಅಲ್ಲಿಂದ ಲಿಯೋನ್‌ಗೆ ರೈಲು, ಆಮೇಲೆ ಸಾರಿಯಾದಿಂದ ಸಾಂತಿಯಾಗೊವರೆಗೆ ಮತ್ತೆ ನಡಿಗೆ. ನಡುವಿನ ಬಯಲು ಬರೀ ಬೋರು, ಗೋಧಿ ಹೊಲ ಬಿಟ್ಟರೆ ಏನೂ ಇಲ್ಲ ಅಂತ ಎಲ್ಲರೂ ಹೇಳಿದ್ದಕ್ಕೆ ಅದನ್ನು ಬಿಟ್ಟಿದ್ದೇವೆ.

ಬೂಟು, ಬ್ಯಾಗು, ಬೊಬ್ಬೆ ಬಗ್ಗೆ ಈ ಗುಂಪಿನಲ್ಲಿ ಸಾಕಷ್ಟು ಚರ್ಚೆ ಆಗಿದೆ, ಅದು ಬೇಡ. ನನಗೆ ಬೇಕಿರೋದು ಬಾಗಿಲು. ಬೇಲೂರು, ಹಳೇಬೀಡು, ಅಮೃತಪುರ ಸುತ್ತಿಕೊಂಡೇ ಬೆಳೆದವನು ನಾನು, ಕೆತ್ತಿದ ಬಾಗಿಲು ಕಂಡರೆ ಮುಂದಕ್ಕೆ ಹೋಗೋಕೆ ಮನಸ್ಸು ಬರಲ್ಲ. ಈ ದಾರಿಯ ಚರ್ಚ್‌ಗಳಲ್ಲಿ 11ರಿಂದ 13ನೇ ಶತಮಾನದ ಬಾಗಿಲುಗಳು ಬೇಕಾದಷ್ಟಿವೆ ಅಂತ ಗೊತ್ತು. ಆದರೆ ಫೋಟೋ ನೋಡುತ್ತಾ ಕೂತರೆ ಎಲ್ಲಾ ಒಂದೇ ಥರ ಕಾಣುತ್ತವೆ. ಕಮಾನು, ನಡುವೆ ಕೂತ ಯೇಸು, ಸುತ್ತಲೂ ಗಡ್ಡದವರು. ಯಾರು ಯಾರೋ ಗೊತ್ತಾಗಲ್ಲ. ಎರಡು ಬಾಗಿಲು ನೋಡಿದ ಮೇಲೆ ಮೂರನೆಯದಕ್ಕೆ ನೀನೇ ತಲೆ ಎತ್ತಲ್ಲ ಬಿಡು ಅಂತ ಗೆಳೆಯನೊಬ್ಬ ಆಗಲೇ ಹೇಳಿಬಿಟ್ಟಿದ್ದಾನೆ.

ಯಾವುದನ್ನು ಬಿಡಬಾರದು? ಚರ್ಚ್ ಮುಚ್ಚಿದ್ದರೆ ಏನು ಮಾಡೋದು? ಸಾಂಗ್ವೆಸಾ ಅನ್ನೋ ಊರು ನಮ್ಮ ದಾರಿಯಲ್ಲಿ ಇಲ್ಲ, ಅದಕ್ಕಾಗಿ ಒಂದು ದಿನ ಕೊಡಬಹುದಾ?

ಉಳಿಸುತ್ತಿಗೆ:

ಕೊಡಿ. ಸಾಂಗ್ವೆಸಾಗೆ ಒಂದು ದಿನ ಕಣ್ಣು ಮುಚ್ಚಿಕೊಂಡು ಕೊಡಿ. ಕಾರಣ ಕೆಳಗೆ ಹೇಳುತ್ತೇನೆ.

ಮುಚ್ಚಿರುತ್ತಾ ಅನ್ನೋ ಚಿಂತೆ ಬಿಡಿ. ಹಳ್ಳಿ ಚರ್ಚ್‌ಗಳು ನೀವು ಹಾದು ಹೋಗುವ ಹೊತ್ತಿಗೆ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತವೆ. ಆದರೆ ನಿಮಗೆ ಬೇಕಾದ್ದು ಹೊರಗೇ ಇದೆಯಲ್ಲ! ಕದ ಮುಚ್ಚಿದ್ದರೆ ಇನ್ನೂ ಒಳ್ಳೆಯದು, ಒಳಗೆ ಹೊರಗೆ ಓಡಾಡುವ ಜನ ಇರಲ್ಲ.

ಎರಡು ಹೆಸರು ತಿಳಿದಿದ್ದರೆ ಸಾಕು. ಬಾಗಿಲ ಮೇಲೆ ಅರ್ಧಚಂದ್ರದ ಆಕಾರದ ಕಲ್ಲು ಇರುತ್ತದಲ್ಲ, ಅದು ಟಿಂಪನಮ್. ಅದರ ಸುತ್ತ ಒಂದರೊಳಗೊಂದು ಇಟ್ಟ ಬಳೆಗಳ ಹಾಗೆ ಇರುವ ಕಮಾನುಗಳು ಆರ್ಕಿವೋಲ್ಟ್. ಇನ್ನು ಜನರ ಗುರುತು. ಯೇಸುವಿನ ಸುತ್ತ ರೆಕ್ಕೆಯ ಮನುಷ್ಯ, ಸಿಂಹ, ಎತ್ತು, ಹದ್ದು ಇದ್ದರೆ ಅವು ಸುವಾರ್ತೆ ಬರೆದ ನಾಲ್ವರು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಕಿರೀಟ ಹಾಕಿ ಕೈಯಲ್ಲಿ ವಾದ್ಯ ಹಿಡಿದ ಮುದುಕರು ಪ್ರಕಟನೆ ಗ್ರಂಥದ 24 ಹಿರಿಯರು. ಬೀಗದ ಕೈ ಇದ್ದವನು ಪೇತ್ರ. ತಕ್ಕಡಿ ಹಿಡಿದವನು ದೇವದೂತ ಮಿಕಾಯೇಲ, ಆತ್ಮಗಳನ್ನು ತೂಗುತ್ತಿದ್ದಾನೆ. ಇಷ್ಟು ಗೊತ್ತಿದ್ದರೆ ಮುಕ್ಕಾಲು ಪಾಲು ಬಾಗಿಲು ಓದಬಹುದು.

ಇನ್ನೊಂದು. ಚರ್ಚ್‌ನ ಪೂಜಾವೇದಿಕೆ ಪೂರ್ವಕ್ಕೆ, ಮುಖ್ಯ ಬಾಗಿಲು ಪಶ್ಚಿಮಕ್ಕೆ ಅನ್ನೋದು ರೂಢಿ. ಈ ದಾರಿಯಲ್ಲಿ ಮಾತ್ರ ಒಳ್ಳೊಳ್ಳೆ ಬಾಗಿಲುಗಳು ಪಕ್ಕದ ಗೋಡೆಯಲ್ಲಿ ಸಿಗುತ್ತವೆ. ದಾರಿ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ, ಚರ್ಚ್ ಅದರ ಪಕ್ಕ ಉದ್ದಕ್ಕೆ ನಿಂತಿದೆ, ನಡೆದು ಬರುವವನ ಕಣ್ಣಿಗೆ ಮೊದಲು ಬೀಳುವುದು ಅದರ ಪಕ್ಕದ ಗೋಡೆ, ಅಲ್ವಾ? ಜನ ಎಲ್ಲಿಂದ ಬರುತ್ತಾರೋ ಅಲ್ಲಿ ದುಡ್ಡು ಸುರಿದಿದ್ದಾರೆ ಅಂತ ನನ್ನ ಲೆಕ್ಕ. ಹಾಗಾಗಿ ಮುಂಭಾಗ ಹುಡುಕಿಕೊಂಡು ಸುತ್ತು ಹಾಕಬೇಡಿ. ನೀವು ಹೋಗುವ ಬೀದಿ ಕಡೆ ಯಾವ ಗೋಡೆ ಇದೆ ನೋಡಿ.

ಪುವೆಂತೆ ಲಾ ರೇಯ್ನಾದ ಸಾಂತಿಯಾಗೊ ಚರ್ಚ್ ಇದಕ್ಕೆ ಒಳ್ಳೆ ಉದಾಹರಣೆ. ಬಾಗಿಲು ನೇರ ದೊಡ್ಡ ಬೀದಿಗೇ ತೆರೆಯುತ್ತದೆ. ಒಳಗಿನ ಕಮಾನಿನ ಅಂಚು ಸಣ್ಣ ಸಣ್ಣ ಅರೆವೃತ್ತಗಳಾಗಿ ಒಡೆದಿದೆ. ಇದು ಮುಸ್ಲಿಂ ಸ್ಪೇನಿನ ಕಟ್ಟಡಗಳಿಂದ ಬಂದ ರೀತಿ. ಮುಂದೆ ಸಿರಾವ್ಕಿಯ ಸಾನ್ ರೋಮಾನ್‌ನಲ್ಲಿ, ಎಸ್ತೆಯಾದ ಸಾನ್ ಪೆದ್ರೊ ದೆ ಲಾ ರುವಾದಲ್ಲಿ ಅದೇ ಥರದ್ದು ಮತ್ತೆ ಸಿಗುತ್ತದೆ. ಮೂರೂ ಹತ್ತಿರ ಹತ್ತಿರದ ಊರುಗಳು, ಹೋಲಿಸಿ ನೋಡೋಕೆ ಚೆನ್ನ. ಪುವೆಂತೆಯದು ಮಳೆಗಾಳಿಗೆ ತುಂಬಾ ಸವೆದಿದೆ, ಮುಖಗಳೆಲ್ಲ ಕರಗಿ ಹೋಗಿವೆ.

ಎಸ್ತೆಯಾದಲ್ಲಿ ದಾರಿ ತೋರಿಸುವ ಹಳದಿ ಬಾಣ ನಿಮ್ಮನ್ನು ಸಾನ್ ಪೆದ್ರೊ ಕೆಳಗಿನಿಂದ ಸೀದಾ ಊರಾಚೆ ಕರೆದುಕೊಂಡು ಹೋಗುತ್ತದೆ. ಹೋಗಬೇಡಿ. ಎಗಾ ನದಿಯ ಸೇತುವೆ ದಾಟಿ ಗುಡ್ಡದ ಮೇಲಿನ ಸಾನ್ ಮಿಗೆಲ್‌ಗೆ ಹತ್ತಿ. 12ನೇ ಶತಮಾನದ ಬಾಗಿಲು, ಉತ್ತರದ ಗೋಡೆಯಲ್ಲಿದೆ. ಎಡಕ್ಕೆ ಮಿಕಾಯೇಲ ಡ್ರ್ಯಾಗನ್‌ಗೆ ಭರ್ಜಿ ಹಾಕುತ್ತಿದ್ದಾನೆ, ಪಕ್ಕದಲ್ಲೇ ಆತ್ಮದ ತೂಕ ನಡೆದಿದೆ. ಬಲಕ್ಕೆ ಮೂವರು ಮರಿಯರು ಖಾಲಿ ಸಮಾಧಿ ನೋಡೋಕೆ ಬಂದಿದ್ದಾರೆ. ನಡುವೆ ಟಿಂಪನಮ್‌ನಲ್ಲಿ ಯೇಸು. ಅವನ ಸುತ್ತಲಿನ ಚೌಕಟ್ಟಿನ ಅಂಚಿನ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು ಕೆತ್ತಿದ್ದಾರೆ. ಅದರ ಅರ್ಥ ಹೆಚ್ಚುಕಡಿಮೆ ಹೀಗೆ: ನೀನು ನೋಡುತ್ತಿರುವ ಈ ಪ್ರತಿಮೆ ದೇವರೂ ಅಲ್ಲ, ಮನುಷ್ಯನೂ ಅಲ್ಲ, ಇದು ಯಾರನ್ನು ತೋರಿಸುತ್ತದೋ ಅವನು ದೇವರೂ ಹೌದು, ಮನುಷ್ಯನೂ ಹೌದು. ಕಲ್ಲಿಗೆ ಕೈ ಮುಗಿಯುವವನಿಗೆ ಕಲ್ಲೇ ಹೇಳುತ್ತಿದೆ, ನಾನಲ್ಲ ಅಂತ. ನಮ್ಮ ಕಡೆ ಇದೇ 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಇಂಥದ್ದೇ ವಾದ ನಡೀತಿತ್ತು ಅನ್ನೋದು ನೆನಪಾಗದೆ ಇರಲ್ಲ.

ಈಗ ಸಾಂಗ್ವೆಸಾ. ಇದು ಅರಗೋನ್ ಕಡೆಯಿಂದ ಬರುವ ದಾರಿಯಲ್ಲಿದೆ, ಪಾಂಪ್ಲೋನಾದಿಂದ ಸುಮಾರು 45 ಕಿ.ಮೀ. ನಡಿಗೆ ಶುರು ಮಾಡುವ ಮುಂಚೆ ಹೋಗಿ ಬನ್ನಿ. ಸಾಂತಾ ಮರಿಯಾ ಲಾ ರೆಯಾಲ್ ಚರ್ಚ್, ದಕ್ಷಿಣದ ಬಾಗಿಲು. ಎರಡೂ ಬದಿ ಕಂಬಗಳೇ ಮನುಷ್ಯರಾಗಿವೆ, ಫ್ರಾನ್ಸಿನ ಶಾರ್ತ್ರ್ ರೀತಿ. ಎಡಕ್ಕೆ ಮೂವರು ಮರಿಯರು. ಬಲಕ್ಕೆ ಪೇತ್ರ, ಪೌಲ, ಆಮೇಲೆ ಯೇಸುವನ್ನು ದುಡ್ಡಿಗೆ ಹಿಡಿದುಕೊಟ್ಟು ನೇಣು ಹಾಕಿಕೊಂಡ ಯೂದ. ಸಂತರ ಸಾಲಿನಲ್ಲಿ ಯೂದನನ್ನು ನಿಲ್ಲಿಸಿದ್ದಾರೆ! ಮೈಮೇಲೆ ‘ಯೂದಾಸ್ ಮೆರ್ಕಾತೋರ್’ ಅಂತ ಬರೆದಿದೆ, ಯೂದ ಅನ್ನುವ ವ್ಯಾಪಾರಿ. ಎದುರಿನ ಮರಿಯಮ್ಮನ ಕೈಯ ಪುಸ್ತಕ ನೋಡಿ, ಅದರಲ್ಲಿ ಶಿಲ್ಪಿ ತನ್ನ ಹೆಸರು ಹಾಕಿಕೊಂಡಿದ್ದಾನೆ: ಲಿಯೋದೆಗಾರಿಯುಸ್ ನನ್ನನ್ನು ಮಾಡಿದ. ಬೇಲೂರಿನ ಮದನಿಕೆ ಕೆಳಗೆ ಬಳ್ಳಿಗಾವೆಯ ದಾಸೋಜ ಹೆಸರು ಬರೆದ ಶತಮಾನವೇ ಅದು.

ಕಮಾನಿನ ಎರಡೂ ಪಕ್ಕ ಗೋಡೆಗೆ ಸಿಕ್ಕಸಿಕ್ಕ ಕೆತ್ತನೆ ತುಂಡುಗಳನ್ನು ತುರುಕಿದ್ದಾರೆ. ಪ್ರಾಣಿ, ಗಂಟು, ರಾಕ್ಷಸ, ಏನಿಲ್ಲ ಹೇಳಿ. ಅದರಲ್ಲಿ ಒಬ್ಬ ಡ್ರ್ಯಾಗನ್‌ಗೆ ಕತ್ತಿ ಇರಿಯುತ್ತಿದ್ದಾನೆ, ಹತ್ತಿರದಲ್ಲೇ ಕಮ್ಮಾರ. ಇದು ಬೈಬಲ್ ಕಥೆಯೇ ಅಲ್ಲ, ಉತ್ತರದ ಹಿಮದ ನಾಡಿನ ಸಿಗುರ್ಡ್ ಕಥೆ ಅಂತ ಗುರುತಿಸಿದ್ದಾರೆ. ನಡೆದು ಬಂದ ಜನ ಕಥೆಗಳನ್ನೂ ಹೊತ್ತು ತಂದಿದ್ದಾರೆ ನೋಡಿ. ಇದೊಂದು ಬಾಗಿಲ ಮುಂದೆ ಕೂತರೆ ಮಧ್ಯಾಹ್ನ ಕಳೆದದ್ದೇ ಗೊತ್ತಾಗಲ್ಲ. ಎದುರಿನ ಫುಟ್‌ಪಾತ್ ಕಿರಿದು, ಗಾಡಿ ಬರುತ್ತಿರುತ್ತವೆ, ಹುಷಾರು.

ಬಯಲುಸೀಮೆ:

ಎಲ್ಲಾ ಸರಿ. ಆದರೆ ನೀವು ಬೋರು ಅಂತ ಬಿಟ್ಟಿದ್ದೀರಲ್ಲ ಆ ಬಯಲು, ಅದರ ನಟ್ಟನಡುವೆಯೇ ನನ್ನ ಪ್ರಕಾರ ಇಡೀ ದಾರಿಯ ಅತಿ ಒಳ್ಳೆ ಬಾಗಿಲು ಇದೆ. ಎಲ್ಲರೂ ಹೇಳಿದರು ಅಂತ ಬಿಡೋದಾ? ನಾನು ಹಿರಿಯೂರು ಕಡೆಯವನು, ಬಯಲನ್ನು ಬೋರು ಅಂದರೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮೆ ಇರಲಿ.

ಊರು ಕಾರ್ಯೋನ್ ದೆ ಲೋಸ್ ಕೋಂದೆಸ್. ಅಲ್ಲಿಯ ಸಾಂತಿಯಾಗೊ ಚರ್ಚ್. ಬಾಗಿಲ ಮೇಲೆ ಗೋಡೆಯಗಲಕ್ಕೂ ಒಂದು ಪಟ್ಟಿ, ನಡುವೆ ಯೇಸು, ಎರಡೂ ಕಡೆ ಶಿಷ್ಯರು. ಯೇಸುವಿನ ಮೊಣಕಾಲ ಮೇಲೆ ಬಟ್ಟೆ ಬಿದ್ದಿರೋ ರೀತಿ ನೋಡಿ, ಒದ್ದೆ ಬಟ್ಟೆ ಮೈಗೆ ಅಂಟಿದಂತಿದೆ. ಎಲ್ಲ ಪುಸ್ತಕಗಳೂ ಅದನ್ನೇ ಹೊಗಳುತ್ತವೆ, ನ್ಯಾಯವೇ. ನನಗೆ ಮಾತ್ರ ಅದರ ಕೆಳಗಿನ ಕಮಾನು ಇಷ್ಟ. ಅಲ್ಲಿ ಸಂತರೂ ಇಲ್ಲ, ದೇವದೂತರೂ ಇಲ್ಲ, 12ನೇ ಶತಮಾನದ ಊರಿನ ಮಂದಿ ಸಾಲಾಗಿ ಕೂತಿದ್ದಾರೆ, 20ಕ್ಕೂ ಹೆಚ್ಚು ಜನ. ಒಬ್ಬ ಮೊಳದುದ್ದದ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದಾನೆ. ಒಬ್ಬ ಚಮ್ಮಾರ. ಒಬ್ಬ ಹಾರ್ಪ್ ನುಡಿಸುತ್ತಾನೆ. ಒಬ್ಬಳು ನಾಟ್ಯದವಳು ಮೈಯನ್ನು ಪೂರಾ ತಿರುಚಿಕೊಂಡಿದ್ದಾಳೆ. ಇಬ್ಬರು ಗುರಾಣಿ ಹಿಡಿದು ಬಡಿದಾಡುತ್ತಿದ್ದಾರೆ. ಪ್ರತಿಯೊಬ್ಬನೂ ತನ್ನ ಕೆಲಸದಲ್ಲಿ ಮುಳುಗಿದ್ದಾನೆ, ಮೇಲೆ ದೇವರು ಕೂತಿದ್ದಾನೆ ಅನ್ನೋ ಪರಿವೆಯೇ ಇಲ್ಲ.

ಒಳಗೆ ಹಳೆಯದು ಹೆಚ್ಚೇನೂ ಉಳಿದಿಲ್ಲ. ನೆಪೋಲಿಯನ್ ಸೈನ್ಯದ ವಿರುದ್ಧ ಯುದ್ಧ ನಡೆದಾಗ, 1811ರಲ್ಲಿ, ಚರ್ಚ್ ಸುಟ್ಟುಹೋಯಿತು. ಹಳೆ ಮುಂಭಾಗ ಮಾತ್ರ ಬೆಂಕಿ ದಾಟಿ ಬಂದಿದೆ. ಶಿಷ್ಯರಲ್ಲಿ ಹಲವರ ಮುಖ ಕೈ ಹೋಗಿವೆ.

ಅದೇ ಊರಿಗೆ ಬರುವ ಮುಂಚೆ, ಸುಮಾರು 6 ಕಿ.ಮೀ. ಹಿಂದೆ, ವಿಯಾಲ್ಕಾಸರ್ ದೆ ಸಿರ್ಗಾ ಅಂತ ಪುಟ್ಟ ಊರು. ಚರ್ಚ್ ಮಾತ್ರ ಊರಿಗೆ ಹೊಂದದಷ್ಟು ದೊಡ್ಡದು. ದಕ್ಷಿಣದ ಬಾಗಿಲಿಗೆ ಮೂರಾಳೆತ್ತರ ಮೀರಿದ ಮಂಟಪ. ಅದಕ್ಕೂ ಹಿಂದೆ ಫ್ರೋಮಿಸ್ತಾದ ಸಾನ್ ಮಾರ್ತಿನ್. ಅಲ್ಲಿ ಬಾಗಿಲಿಗಿಂತ ಸೂರಿನ ಕೆಳಗೆ ನೋಡಿ, 300ಕ್ಕೂ ಹೆಚ್ಚು ಪುಟ್ಟ ಮುಖ, ಪ್ರಾಣಿಗಳು ಸೂರಿಗೆ ಆಧಾರವಾಗಿವೆ. 19ನೇ ಶತಮಾನದ ಕೊನೆಗೆ ಜೀರ್ಣೋದ್ಧಾರ ಮಾಡುವಾಗ ಜಾಸ್ತಿಯೇ ತಿಕ್ಕಿ ತೊಳೆದಿದ್ದಾರೆ, ಹೊಸದರ ಹಾಗೆ ಕಾಣುತ್ತದೆ, ನನಗೇನೋ ಅಷ್ಟು ಹಿಡಿಸಲಿಲ್ಲ. ಫ್ರೋಮಿಸ್ತಾದಲ್ಲಿ ರೈಲು ನಿಲ್ದಾಣ ಇದೆ. ಅಲ್ಲಿ ಇಳಿದು ಕಾರ್ಯೋನ್‌ಗೆ ನಡೆದರೆ ಒಂದು ದಿನದ ದಾರಿ, 20 ಕಿ.ಮೀ. ಒಳಗೆ, ಪೂರಾ ಸಮತಟ್ಟು. ಮೂರೂ ಒಟ್ಟಿಗೆ ಆಗುತ್ತದೆ.

ತುಂಗಾತೀರ:

@ಬಯಲುಸೀಮೆ ಸಿಟ್ಟಾಗಬೇಡಿ ಮಾರಾಯ್ರೆ, ಬೋರು ಅಂತ ನಾನು ಹೇಳಿದ್ದಲ್ಲ! ಆ ಕತ್ತರಿಯವನಿಗಾಗಿಯಾದರೂ ರೈಲಿನ ಪ್ಲಾನು ಬದಲಿಸಬೇಕು ಅನ್ನಿಸುತ್ತಿದೆ. ಹೆಂಡತಿಗೆ ಓದಿ ಹೇಳಿದೆ, ಅವಳು ಆಗಲೇ ಒಪ್ಪಿಬಿಟ್ಟಳು.

ಇನ್ನೊಂದು ಕೇಳಬೇಕಿತ್ತು. ಕೆಲವು ಬಾಗಿಲುಗಳಿಗೆ ‘ಕ್ಷಮೆಯ ಬಾಗಿಲು’ ಅಂತ ಹೆಸರು ಕಾಣುತ್ತಿದೆ. ನಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇದೆ. ಅದೇನು?

ನಿಧಾನಕ್ಕೆ:

ನಾನು ಹೇಳುತ್ತೇನೆ. ಹಿಂದಿನ ಕಾಲದಲ್ಲಿ ಸಾಂತಿಯಾಗೊ ತಲುಪಿದರೆ ಪಾಪಕ್ಕೆ ಕ್ಷಮೆ. ಆದರೆ ದಾರಿಯಲ್ಲಿ ಕಾಯಿಲೆ ಬಿದ್ದವರ ಗತಿ? ಅಂಥವರು ಈ ಬಾಗಿಲವರೆಗೆ ಬಂದು ಮುಟ್ಟಿದರೆ ಪೂರ್ತಿ ನಡೆದಷ್ಟೇ ಫಲ ಅಂತ ಒಂದು ಏರ್ಪಾಡು. ಲಿಯೋನ್‌ನಲ್ಲಿ ಸಾನ್ ಇಸಿದೋರೊದ ಒಂದು ಬಾಗಿಲು ಹಾಗೆ, ವಿಯಾಫ್ರಾಂಕಾ ದೆಲ್ ಬಿಯೆರ್ಸೊದ ಸಾಂತಿಯಾಗೊ ಚರ್ಚ್‌ನ ಉತ್ತರದ ಬಾಗಿಲು ಇನ್ನೊಂದು. ವಿಯಾಫ್ರಾಂಕಾ ಎಲ್ಲಿದೆ ಅಂತ ನಕ್ಷೆ ನೋಡಿದರೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಓ ಸೆಬ್ರೇರೊ ಘಟ್ಟ ಹತ್ತಬೇಕು. ಚೆನ್ನಾಗಿ ಇದ್ದವರಿಗೇ ಏದುಸಿರು ಬರುವ ಜಾಗ, ಜ್ವರ ಬಂದವನು ಹೇಗೆ ಹತ್ತಿಯಾನು? ಊರಿಗೆ ಕಾಲಿಡುತ್ತಿದ್ದ ಹಾಗೆ, ಮೊದಲು ಸಿಗುವುದೇ ಆ ಚರ್ಚ್. ಉಳಿಸುತ್ತಿಗೆ ಅವರು ಹೇಳಿದ್ದಕ್ಕೆ ಇದೂ ಸೇರುತ್ತದೆ, ಬಾಗಿಲು ಎಲ್ಲಿ ಬೇಕೋ ಅಲ್ಲಿದೆ. ಪುಣ್ಯವರ್ಷಗಳಲ್ಲಿ ಮಾತ್ರ ಅದನ್ನು ತೆರೆಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ವಿಯಾಫ್ರಾಂಕಾ ಇಲ್ಲ, ಇರಲಿ ಬಿಡಿ.

ಲಿಯೋನ್‌ನಲ್ಲಿ ಸಾನ್ ಇಸಿದೋರೊ ಚೌಕಕ್ಕೆ ಎರಡು ಬಾಗಿಲು ಮುಖ ಮಾಡಿವೆ. ಒಂದರಲ್ಲಿ ದೇವದೂತರು ಹೊತ್ತ ಕುರಿಮರಿ, ಕೆಳಗೆ ಅಬ್ರಹಾಮ ಮಗನನ್ನು ಬಲಿ ಕೊಡೋಕೆ ಹೊರಟಿದ್ದಾನೆ. ಇನ್ನೊಂದು ಕ್ಷಮೆಯ ಬಾಗಿಲು, ಅದರ ಟಿಂಪನಮ್‌ನ ನಡುವೆ ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುತ್ತಿದ್ದಾರೆ. ಒಂದು ಕೈ ಬಿಡಿಸಿ ಆಗಿದೆ. ಇನ್ನೊಂದು ಕೈಯ ಮೊಳೆಗೆ ಒಬ್ಬ ದೊಡ್ಡ ಇಕ್ಕಳ ಹಾಕಿದ್ದಾನೆ. ಆ ಇಕ್ಕಳವನ್ನು ನೋಡಿ. ಶಿಲ್ಪಿ ಬೇರೆಲ್ಲ ಕಡೆ ಸುಮಾರಾಗಿ ಕೆತ್ತಿದ್ದರೂ ಉಪಕರಣದ ವಿಷಯಕ್ಕೆ ಬಂದಾಗ ಕರಾರುವಾಕ್ಕು.

ಲಿಯೋನ್ ಕಥೀಡ್ರಲ್ ಬಾಗಿಲಿನ ನಡುಗಂಬದ ಬಿಳಿ ಮರಿಯಮ್ಮ ತುಂಬಾ ಹೆಸರುವಾಸಿ. ಹೊರಗಿರೋದು ನಕಲು, ಮೂಲ ವಿಗ್ರಹ ಒಳಗಿದೆ.

ಮತ್ತೆ ಪುಣ್ಯವರ್ಷ. ಜುಲೈ 25, ಸಂತ ಯಾಕೋಬನ (ಸ್ಪ್ಯಾನಿಷ್‌ನಲ್ಲಿ ಸಾಂತಿಯಾಗೊ) ದಿನ, ಭಾನುವಾರ ಬಿದ್ದರೆ ಆ ವರ್ಷ ಪುಣ್ಯವರ್ಷ. 2010 ಆಯಿತು, 2021 ಆಯಿತು, ಅದನ್ನು ಕೊರೊನಾ ಕಾರಣಕ್ಕೆ 2022ಕ್ಕೂ ಎಳೆದರು. ಮುಂದಿನದು 2027, ಆಮೇಲೆ 2032. ಆ ವರ್ಷ ಮಾತ್ರ ಸಾಂತಿಯಾಗೊದಲ್ಲಿ ಕಿಂತಾನಾ ಚೌಕದ ಕಡೆ ಇರುವ ಪವಿತ್ರ ದ್ವಾರ ತೆರೆದಿರುತ್ತದೆ, ಹಿಂದಿನ ವರ್ಷದ ಡಿಸೆಂಬರ್ 31ರ ಸಂಜೆಯೇ ತೆಗೆಯುತ್ತಾರೆ. ಸಣ್ಣ ಬಾಗಿಲು, ನೋಡೋಕೆ ಸಾದಾ. ಆದರೆ ಅದರ ಎರಡೂ ಬದಿ ಕೂತ 24 ಕಲ್ಲಿನ ಮೂರ್ತಿಗಳು ಸಾದಾ ಅಲ್ಲ. ಮಾಸ್ಟರ್ ಮಾತೆಯೋ ಅನ್ನುವ ಶಿಲ್ಪಿ ಕಥೀಡ್ರಲ್ ಒಳಗೆ ಪಾದ್ರಿಗಳು ಕೂರಲು ಕಲ್ಲಿನ ಆವರಣ ಕಟ್ಟಿದ್ದ. 17ನೇ ಶತಮಾನದ ಶುರುವಿನಲ್ಲಿ ಅದನ್ನು ಬಿಚ್ಚಿ ಹಾಕಿದರು, ಮೂರ್ತಿಗಳನ್ನು ಇಲ್ಲಿಗೆ ತಂದು ಜೋಡಿಸಿದರು.

ಚಹಾ ಸಾಕು:

2027ಕ್ಕೆ ಹೋಗಬೇಡಿ ಅಂತ ನನ್ನ ಸಲಹೆ. ಜನಜಾತ್ರೆ. ಸುಮ್ನೆ ಈ ಸಲವೇ ಹೋಗಿ.

ಸಾಂತಿಯಾಗೊ ಬಗ್ಗೆ ನಿಷ್ಠುರವಾಗಿ ಒಂದೆರಡು ಮಾತು. ಎಲ್ಲರೂ ಬ್ಯಾಗ್ ಕೆಳಗೆ ಹಾಕಿ ಫೋಟೋ ತೆಗೆಸಿಕೊಳ್ಳುವ ಆ ಭಾರಿ ಮುಂಭಾಗ ಇದೆಯಲ್ಲ, ಒಬ್ರಾದೊಯ್ರೊ, ಅದು 18ನೇ ಶತಮಾನದ್ದು. ಹಳೆ ಕಾಲದ ಯಾತ್ರಿಕ ಅದನ್ನು ನೋಡಿಯೇ ಇಲ್ಲ. ಫ್ರಾನ್ಸ್ ಕಡೆಯಿಂದ ನಡೆದು ಬಂದವನು ಸೇರುತ್ತಿದ್ದದ್ದು ಉತ್ತರದ ಬಾಗಿಲಿಗೆ. ಅದರ ಮುಂದೆ ಕಾರಂಜಿ ಇತ್ತು ಅಂತ 12ನೇ ಶತಮಾನದ ಲ್ಯಾಟಿನ್ ಯಾತ್ರಾ ಕೈಪಿಡಿ ಬಹಳ ಖುಷಿಯಿಂದ ವರ್ಣಿಸುತ್ತದೆ. ಆ ಬಾಗಿಲು ಈಗ ಇಲ್ಲ, ಅದರ ಜಾಗದಲ್ಲೂ 18ನೇ ಶತಮಾನದ ಮುಂಭಾಗವೇ.

ಉಳಿದಿರುವ ಹಳೆ ಮುಂಭಾಗ ಅಂದರೆ ದಕ್ಷಿಣದ್ದು, ಪ್ಲಾತೆರಿಯಾಸ್, ಬೆಳ್ಳಿ ಕೆಲಸದವರ ಚೌಕ. ಟಿಕೆಟ್ ಇಲ್ಲ, ಸಾಲು ಇಲ್ಲ, ಮೆಟ್ಟಿಲ ಮೇಲೆ ಕೂತು ಎಷ್ಟು ಹೊತ್ತಾದರೂ ನೋಡಿ. ಮೊದಲ ನೋಟಕ್ಕೆ ಗೊಂದಲ ಅನ್ನಿಸುತ್ತದೆ, ಯಾರೋ ಚೀಲ ಸುರಿದು ಸಿಕ್ಕ ಹಾಗೆ ಅಂಟಿಸಿದ್ದಾರೆ ಅಂತ. ನಿಜಕ್ಕೂ ಸುಮಾರು ಹಾಗೇ ಆಗಿದ್ದು. 1117ರಲ್ಲಿ ಊರಿನ ಜನ ಬಿಷಪ್ ಗೆಲ್ಮಿರೆಸ್ ಮೇಲೆ, ರಾಣಿ ಉರ್ರಾಕಾ ಮೇಲೆ ದಂಗೆ ಎದ್ದು ಕಥೀಡ್ರಲ್‌ಗೆ ಬೆಂಕಿ ಇಟ್ಟರು (ಅದೇ ವರ್ಷ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸುತ್ತಿದ್ದ). ಆಮೇಲೆ ಬೇರೆ ಕಡೆಯ ತುಂಡುಗಳೂ ಇಲ್ಲಿಗೆ ಬಂದವು, ಆ ಉತ್ತರ ಬಾಗಿಲಿನವೂ ಸೇರಿ. ಎಡಕ್ಕೆ ರಾಜ ದಾವೀದ ಕಾಲ ಮೇಲೆ ಕಾಲು ಹಾಕಿ ತಂತಿ ವಾದ್ಯಕ್ಕೆ ಕಮಾನು ಎಳೆಯುತ್ತಾ ಕೂತಿದ್ದಾನೆ, ಅವನೊಬ್ಬನನ್ನೇ ನೋಡೋಕೆ ಹೋದರೂ ಸಾರ್ಥಕ. ಎಡ ಟಿಂಪನಮ್‌ನ ಬಲ ಮೂಲೆಯಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ತಲೆಬುರುಡೆ ಇಟ್ಟುಕೊಂಡಿದ್ದಾಳೆ. ಅದು ಅವಳ ಪ್ರಿಯಕರನ ತಲೆ, ಗಂಡ ಕಡಿದು ಕೊಟ್ಟಿದ್ದಾನೆ, ದಿನಕ್ಕೆ ಎರಡು ಸಲ ಮುತ್ತಿಡಬೇಕು ಅಂತ ಶಿಕ್ಷೆ, ಹೀಗೆ ಆ ಕೈಪಿಡಿಯವನು ಬರೆಯುತ್ತಾನೆ. ಗಂಡನಿಗೇನು ಶಿಕ್ಷೆ ಅಂತ ಅವನಿಗೆ ಕೇಳಬೇಕು ಅನ್ನಿಸಿಲ್ಲ.

ಪೋರ್ಟಿಕೋ ದೆ ಲಾ ಗ್ಲೋರಿಯಾ, ಅಂದರೆ ಕಥೀಡ್ರಲ್‌ನ ಹಳೆ ಪಶ್ಚಿಮದ ಬಾಗಿಲು, ಒಬ್ರಾದೊಯ್ರೊ ಹಿಂದೆ ಬಚ್ಚಿಟ್ಟುಕೊಂಡಿದೆ. ಮಾತೆಯೋ ಕೆಲಸ. ಬಾಗಿಲ ತೊಲೆಕಲ್ಲು ಕೂರಿಸಿದ್ದು 1188ರ ಏಪ್ರಿಲ್ 1 ಅಂತ ಅದರ ಮೇಲೆಯೇ ಕೆತ್ತಿದೆ. ನೂರಾರು ವರ್ಷ ಯಾತ್ರಿಕರು ನಡುಗಂಬಕ್ಕೆ ಕೈ ಊರಿ ಊರಿ ಐದು ಬೆರಳಿನ ಗುಂಡಿ ಬಿದ್ದಿದೆ. ಕಂಬದ ಹಿಂದೆ ಮಂಡಿಯೂರಿ ಕೂತವನು ಮಾತೆಯೋನೇ ಅಂತ ನಂಬಿಕೆ, ಮಕ್ಕಳು ಬುದ್ಧಿ ಬರಲಿ ಅಂತ ಅವನ ತಲೆಗೆ ತಲೆ ಡಿಕ್ಕಿ ಹೊಡೆಯುತ್ತಿದ್ದರು. ಈಗ ಎರಡೂ ಇಲ್ಲ. ಮುಟ್ಟೋ ಹಾಗಿಲ್ಲ. 2018ರಲ್ಲಿ ಜೀರ್ಣೋದ್ಧಾರ ಮುಗಿದ ಮೇಲೆ ಸಮಯ ಗೊತ್ತು ಮಾಡಿದ ಟಿಕೆಟ್, ಸಣ್ಣ ಗುಂಪು, ಫೋಟೋಗೆ ಬಿಡಲ್ಲ. ಬಾಗಿಲು ಅಂದ ಮೇಲೆ ಅದರ ಮೂಲಕ ಒಳಗೆ ಹೋಗಬೇಕು, ಇಲ್ಲಿ ಬಾಗಿಲನ್ನೇ ಟಿಕೆಟ್ ಕೊಂಡು ನೋಡಿ ಬರೋದು. ನನಗೆ ಬೇಸರವೇ.

ಉಳಿಸುತ್ತಿಗೆ:

@ಚಹಾ ಸಾಕು, ಮುಟ್ಟಿ ಮುಟ್ಟಿ ಕಲ್ಲು ಸವೆದದ್ದನ್ನು ನೀವೇ ಬರೆದಿದ್ದೀರಿ. ಐದು ಬೆರಳಿನ ಗುಂಡಿ ಅಮೃತಶಿಲೆಯಲ್ಲಿ ಬಿದ್ದಿದೆ ಅಂದರೆ ಬಣ್ಣದ ಗತಿ ಏನಾಗಿರಬೇಕು? ಅಲ್ಲಿ ಗ್ರಾನೈಟ್ ಮೇಲೆ ಹಳೆ ಬಣ್ಣ ಪದರ ಪದರವಾಗಿ ಉಳಿದಿದೆ, ಅದನ್ನು ಹಿಡಿದು ನಿಲ್ಲಿಸೋಕೇ ವರ್ಷಗಟ್ಟಲೆ ಕೆಲಸ ನಡೆಯಿತು. ಟಿಕೆಟ್ ಇರಲಿ ಬಿಡಿ. ಪ್ರವಾದಿ ದಾನಿಯೇಲನ ನಗು ಒಂದಕ್ಕೇ ಅಷ್ಟು ದುಡ್ಡು ಕೊಡಬಹುದು. ಹಿರಿಯರು 24 ಜನ ಕಮಾನಿನ ಮೇಲೆ ವಾದ್ಯ ಶ್ರುತಿ ಮಾಡಿಕೊಳ್ಳುತ್ತಾ ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆ, ಕಚೇರಿ ಇನ್ನೂ ಶುರುವಾಗಿಲ್ಲ. ನಡುವಿನ ಇಬ್ಬರು ತೊಡೆ ಮೇಲೆ ಒಂದೇ ವಾದ್ಯ ಅಡ್ಡ ಇಟ್ಟುಕೊಂಡಿದ್ದಾರೆ, ಒಬ್ಬ ಹಿಡಿ ತಿರುಗಿಸಬೇಕು, ಇನ್ನೊಬ್ಬ ಸ್ವರ ಹಿಡಿಯಬೇಕು.

ಮುಟ್ಟದೆ, ಹತ್ತಿರದಿಂದ, ಬಿಟ್ಟಿ ನೋಡಬೇಕು ಅನ್ನೋರು ಲಂಡನ್ನಿಗೆ ಹೋದಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ. 1866ರಲ್ಲಿ ಬ್ರುಚ್ಚಿಯಾನಿ ಅನ್ನುವವನು ಇಡೀ ಪೋರ್ಟಿಕೋದ ಪ್ಲಾಸ್ಟರ್ ಅಚ್ಚು ತೆಗೆದಿದ್ದ, ಪೂರ್ತಿ ಅಳತೆಯದ್ದು ಅಲ್ಲಿ ನಿಂತಿದೆ.

ಬಿಸಿಲುಕುದುರೆ:

ಬುರ್ಗೋಸ್ ಬಗ್ಗೆ ಯಾರೂ ಹೇಳಲಿಲ್ಲ? ಅಲ್ಲಿ ಬಾಗಿಲಿನದ್ದೇ ಒಂದು ದೊಡ್ಡ ಕಥೆ. ಕಥೀಡ್ರಲ್ ಶುರುವಾದದ್ದು 1221ರಲ್ಲಿ, ಗುಡ್ಡದ ಇಳಿಜಾರಿನಲ್ಲಿ. ಯಾತ್ರಿಕರ ಬೀದಿ ಮೇಲುಗಡೆ, ಉತ್ತರಕ್ಕೆ. ಅಲ್ಲಿನ ಕೊರೊನೆರಿಯಾ ಬಾಗಿಲು ಚರ್ಚ್‌ನ ನೆಲಕ್ಕಿಂತ ಸುಮಾರು 8 ಮೀಟರ್ ಎತ್ತರದಲ್ಲಿದೆ! ಒಳಗಿಳಿಯೋಕೆ ದಿಯೇಗೊ ದೆ ಸಿಲೋಯೆ 1519ರಿಂದ 1523ರೊಳಗೆ ‘ಚಿನ್ನದ ಮೆಟ್ಟಿಲು’ ಅಂತ ಹೆಸರಾದ ಮೆಟ್ಟಿಲು ಕಟ್ಟಿದ. ಮೇಲೂರಿನವರು ಕೆಳಗಿನ ಊರಿಗೆ ಹೋಗೋಕೆ ಕಥೀಡ್ರಲ್ಲನ್ನೇ ಅಡ್ಡದಾರಿ ಮಾಡಿಕೊಂಡಿದ್ದರಂತೆ. ಈಗ ಆ ಬಾಗಿಲು ಮುಚ್ಚಿದೆ, ಕೆತ್ತನೆ ಮಾತ್ರ ಬೀದಿಯಿಂದ ನೋಡಬಹುದು. ನಡೆದು ಬಂದವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಟೂರಿಸ್ಟ್ ಬಸ್ಸಿನವರಿಗೆ ಅದು ಇದೆ ಅಂತಲೇ ಗೊತ್ತಾಗಲ್ಲ.

ದಕ್ಷಿಣದ ಸಾರ್ಮೆಂತಾಲ್ ಬಾಗಿಲಲ್ಲಿ ಯೇಸುವಿನ ಸುತ್ತ ಆ ನಾಲ್ಕು ಪ್ರಾಣಿಗಳೂ ಇವೆ, ಜೊತೆಗೆ ನಾಲ್ವರು ಬರಹಗಾರರೂ ಇದ್ದಾರೆ, ಒಬ್ಬೊಬ್ಬನೂ ಡೆಸ್ಕಿನ ಮೇಲೆ ಬಗ್ಗಿ ಬರೆಯುತ್ತಿದ್ದಾನೆ. ಡೆಡ್‌ಲೈನ್ ಇರೋರ ಮುಖ.

ಇನ್ನು ಪಶ್ಚಿಮದ ಬಾಗಿಲು. ಕಥೀಡ್ರಲ್‌ಗೆ 800 ವರ್ಷ ತುಂಬಿತು ಅಂತ ಅಂತೋನಿಯೊ ಲೋಪೆಸ್ ಅನ್ನುವ ಕಲಾವಿದರಿಗೆ ಹೊಸ ಕಂಚಿನ ಬಾಗಿಲು ಮಾಡಲು ಹೇಳಿದರು. ಹಳೆ ಮರದ ಕದ ತೆಗೆಯಬೇಡಿ ಅಂತ ದೊಡ್ಡ ಗಲಾಟೆಯೇ ಆಯಿತು, ಸಾವಿರಾರು ಜನ ಸಹಿ ಹಾಕಿದರು. ನನ್ನ ಮತ ಸಹಿ ಹಾಕಿದವರ ಕಡೆಗೆ. ಕಂಚಿನದ್ದು ಮ್ಯೂಸಿಯಂನಲ್ಲಿ ಇಟ್ಟರೆ ಏನು ಕಳೆದುಹೋಗುತ್ತದೆ?

ಗರೋನ್ ದಂಡೆ:

ನಾನು ತುಲೂಸ್‌ನಲ್ಲಿ ಇರೋದು, ಹಾಗಾಗಿ ಫ್ರಾನ್ಸಿನ ಪರವಾಗಿ ಸ್ವಲ್ಪ ಮಾತು. ಈ ಸಲ ನಿಮ್ಮ ಪಟ್ಟಿಗೆ ಸೇರಲ್ಲ, ಆದರೂ ಬರೆದಿಟ್ಟುಕೊಳ್ಳಿ. ಕಮೀನೋ ಸ್ಪೇನಿನಲ್ಲಿ ಶುರುವಾಗಲ್ಲ. ಲೆ ಪ್ವಿಯಿಂದ ಬರುವ ದಾರಿಯಲ್ಲಿ ಕೊಂಕ್ ಇದೆ, ಮ್ವಾಸಾಕ್ ಇದೆ.

ಕೊಂಕ್‌ನ ಸಾಂತ್ ಫ್ವಾ ಚರ್ಚ್‌ನ ಟಿಂಪನಮ್‌ನಲ್ಲಿ 124 ಮೂರ್ತಿಗಳು, ಕೊನೆಯ ತೀರ್ಪಿನ ದೃಶ್ಯ, ಹಳೆ ಬಣ್ಣದ ಗುರುತು ಇನ್ನೂ ಇದೆ. ಸ್ವರ್ಗದ ಕಡೆ ಎಲ್ಲರೂ ಶಿಸ್ತಾಗಿ ನಿಂತಿದ್ದಾರೆ, ನೋಡೋಕೆ ಸಪ್ಪೆ. ಮಜಾ ಎಲ್ಲಾ ನರಕದಲ್ಲೇ. ಬಡ್ಡಿ ವ್ಯಾಪಾರಿಯನ್ನು ಕುತ್ತಿಗೆಗೆ ದುಡ್ಡಿನ ಚೀಲ ಕಟ್ಟಿ ನೇತು ಹಾಕಿದ್ದಾರೆ. ಕದ್ದು ಬೇಟೆ ಆಡುತ್ತಿದ್ದವನನ್ನು ಮೊಲವೊಂದು ಬೆಂಕಿಯ ಮೇಲೆ ಸುಡುತ್ತಿದೆ. ಕೆಳಗಿನ ಸಾಲಿನ ನಡುವೆ ಬಾಗಿಲ ಮೇಲೆಯೇ ಇನ್ನೆರಡು ಬಾಗಿಲು ಕೆತ್ತಿದ್ದಾರೆ, ಸ್ವರ್ಗದ್ದೊಂದು, ನರಕದ್ದೊಂದು. ಸ್ವರ್ಗದ ಬಾಗಿಲಲ್ಲಿ ದೇವದೂತ ಕೈ ಹಿಡಿದು ಒಳಗೆ ಕರೆಯುತ್ತಾನೆ. ನರಕದ ಬಾಗಿಲ ಮುಂದೆ ದೊಡ್ಡ ಪ್ರಾಣಿ ಬಾಯಿ ತೆರೆದಿದೆ, ಪಾಪಿಗಳನ್ನು ಅದರೊಳಗೆ ನೂಕುತ್ತಿದ್ದಾರೆ. ಕೆಳಗೆ ಲ್ಯಾಟಿನ್‌ನಲ್ಲಿ ಎಚ್ಚರಿಕೆ: ಪಾಪಿಗಳೇ, ನಡತೆ ತಿದ್ದಿಕೊಳ್ಳದಿದ್ದರೆ ಕಠಿಣ ತೀರ್ಪು ಕಾದಿದೆ. ಮೇಲಿನ ಕಮಾನಿನ ಅಂಚಿನಲ್ಲಿ ಮಾತ್ರ ಪುಟ್ಟ ಪುಟ್ಟ ತಲೆಗಳು ಅಂಚನ್ನು ಕೈಯಲ್ಲಿ ಹಿಡಿದು ಇಣುಕಿ ನೋಡುತ್ತಿವೆ. ಅವರಿಗೆ ತೀರ್ಪಿಲ್ಲ, ಶಿಕ್ಷೆ ಇಲ್ಲ, ಸುಮ್ನೆ ನೋಡೋಕೆ ಬಂದವರು.

ಮ್ವಾಸಾಕ್‌ನಲ್ಲಿ ಬಾಗಿಲ ನಡುಗಂಬ ನೋಡಿ. ಮುಂದೆ ಜೋಡಿ ಜೋಡಿ ಸಿಂಹಗಳು ಒಂದಕ್ಕೊಂದು ಅಡ್ಡ ಹಾಯ್ದು ನಿಂತಿವೆ. ಪಕ್ಕಕ್ಕೆ ಬಗ್ಗಿ ನೋಡಿದರೆ ಕಂಬದ ಪಕ್ಕೆಯಲ್ಲಿ ಪ್ರವಾದಿ ಯೆರೆಮಿಯ, ಅಷ್ಟು ಕಿರಿದು ಜಾಗದಲ್ಲಿ ಮೈ ಬಳುಕಿಸಿ ತಲೆ ಬಾಗಿಸಿ. ಎದುರಿನಿಂದ ಮಾತ್ರ ಫೋಟೋ ಹೊಡೆದು ಹೋಗುವವರಿಗೆ ಅವನು ಸಿಗಲ್ಲ.

ಇನ್ನೊಂದು ದಾರಿ ವೆಜ಼ಲೇಯಿಂದ ಹೊರಡುತ್ತದೆ. ಅಲ್ಲಿ ಒಳಬಾಗಿಲ ಮೇಲೆ ಲೋಕದ ಎಲ್ಲಾ ಜನಾಂಗಗಳನ್ನು ಕೆತ್ತಿದ್ದಾರೆ. ಮೊರದಗಲ ಕಿವಿಯವರು, ಕುದುರೆ ಹತ್ತೋಕೆ ಏಣಿ ಇಟ್ಟುಕೊಂಡ ಕುಳ್ಳರು, ನಾಯಿಮುಖದವರು. ನಾಯಿಮುಖದ ಜನ ಇರೋದು ಭಾರತದಲ್ಲಿ ಅಂತ ಗ್ರೀಕರ ಕಾಲದಿಂದ ನಂಬಿಕೊಂಡು ಬಂದಿದ್ದರು. ಅಂದರೆ ನಮ್ಮವರೂ ಆ ಬಾಗಿಲ ಮೇಲೆ ಇದ್ದಾರೆ, ಬೌ ಬೌ.

ತುಂಗಾತೀರ:

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಪ್ಲಾನು ಹೀಗೆ ಬದಲಾಯಿಸಿದ್ದೇವೆ: ಮೊದಲು ಸಾಂಗ್ವೆಸಾ, ಆಮೇಲೆ ಪಾಂಪ್ಲೋನಾದಿಂದ ನಡಿಗೆ, ಎಸ್ತೆಯಾದಲ್ಲಿ ಒಂದು ರಾತ್ರಿ ಜಾಸ್ತಿ, ಬುರ್ಗೋಸ್ ಆದ ಮೇಲೆ ಫ್ರೋಮಿಸ್ತಾದಿಂದ ಕಾರ್ಯೋನ್. ಪೋರ್ಟಿಕೋ ಬಗ್ಗೆ ಮನೆಯಲ್ಲಿ ಇನ್ನೂ ಜಗಳ ನಡೀತಿದೆ. ಕೊನೆ ಪ್ರಶ್ನೆ: ಫೋನ್ ಕ್ಯಾಮೆರಾ ಸಾಕಾ? ಯಾವ ಹೊತ್ತಿಗೆ ನೋಡಬೇಕು?

ಉಳಿಸುತ್ತಿಗೆ:

ಫೋನ್ ಸಾಕು. ಅದಕ್ಕಿಂತ ಒಂದು ಸಣ್ಣ ಬೈನಾಕ್ಯುಲರ್ ಇಟ್ಟುಕೊಳ್ಳಿ, ಹತ್ತಿರಕ್ಕೂ ಫೋಕಸ್ ಆಗುವಂಥದ್ದು. ಕಮಾನಿನ ಮೇಲಿನ ಮುಖಗಳು ಬರಿಗಣ್ಣಿಗೆ ಸಿಗಲ್ಲ. ಸಾಂಗ್ವೆಸಾ ದಕ್ಷಿಣಕ್ಕಿದೆ, ನಡುಮಧ್ಯಾಹ್ನ ಬಿಸಿಲು ನೆತ್ತಿಯಿಂದ ಬಿದ್ದು ಮುಖಗಳೆಲ್ಲ ಕಪ್ಪು ನೆರಳು, ಬೆಳಿಗ್ಗೆ ಅಥವಾ ಸಂಜೆ ಹೊತ್ತು ಅಡ್ಡ ಬೆಳಕು ಬೀಳುವಾಗ ಹೋಗಿ. ಸಾನ್ ಮಿಗೆಲ್ ಉತ್ತರಕ್ಕಿದೆ, ಹೆಚ್ಚುಕಡಿಮೆ ದಿನವಿಡೀ ನೆರಳು, ಯಾವಾಗ ಹೋದರೂ ಒಂದೇ.

ಬಯಲುಸೀಮೆ:

ಕಾರ್ಯೋನ್‌ನಲ್ಲಿ ಕತ್ತರಿಯವನು ಸಿಕ್ಕಿದರೆ ಫೋಟೋ ಇಲ್ಲೇ ಹಾಕಿ. ಮತ್ತೆ ಆ ದಾರಿಯಲ್ಲಿ ನೆರಳು ಇಲ್ಲ, ನೀರು ಜಾಸ್ತಿ ಇಟ್ಟುಕೊಳ್ಳಿ.